ಬೀಗ ಹಾಕಿದ ಮನೆಗಳ ರಂಗೋಲಿ

ಆ ಬರಗಾಲದ ವರ್ಷ ಔರಾದ ಕಡೆ ಮನೆಮನೆಗೆ ನೋಟಿಸ್ ಅಂಟಿಸುವ ಕೆಲಸ ನನ್ನದಾಗಿತ್ತು. ಕರಾವಳಿಯಲ್ಲಿ ಗ್ಯಾಸನ್ನು ಹಡಗಿಗೆ ತುಂಬಿ ಪರದೇಶಕ್ಕೆ ಕಳಿಸುವ ಕಾರ್ಖಾನೆಯಂತೆ. ಅದಕ್ಕೆ ಹೋಗುವ ಪೈಪು ಇಲ್ಲಿನ ಹೊಲಗಳ ಕೆಳಗೆ ಹಾಯಬೇಕಿತ್ತು. ತಕರಾರಿದ್ದವರು ಮೂರು ವಾರದೊಳಗೆ ಹೇಳಬೇಕು.

ಒಂದು ಓಣಿಯಲ್ಲಿ ಮನೆಗಳಿಗೆಲ್ಲ ಬೀಗ. ಮಂದಿ ದುಡಿಯಲು ಹೈದರಾಬಾದಿಗೆ ಹೋಗಿದ್ದರು. ಆದರೂ ಪ್ರತಿ ಬಾಗಿಲ ಮುಂದೆ ಆವತ್ತಿನದೇ ರಂಗೋಲಿ! ಹಾಕುತ್ತಿದ್ದವಳು ಊರಲ್ಲೇ ಉಳಿದಿದ್ದ ಕಾಶಮ್ಮ ಎಂಬ ಅಜ್ಜಿ.

"ಮನಿ ಖಾಲಿ ಅದಾವಂತ ಕಳ್ಳರಿಗಿ ಗೊತ್ತಾಗಬಾರದು ನೋಡ್ರಿ," ಅಂದಳು. "ಅವರು ಮಳಿ ಬಿದ್ದ ಮ್ಯಾಲೇ ಬರ್ತಾರ. ಈ ಕಾಗದ ಅಲ್ಲೀತನ ತಡೀತದೇನ್ರಿ?"

"ತಡೀತದ ಅಮ್ಮ," ಅಂದೆ. ಮೇಲೆದ್ದ ನೋಟಿಸಿನ ಮೂಲೆಯನ್ನು ಅವಳೇ ಅಂಗೈಯಿಂದ ಒತ್ತಿ ಕೂರಿಸಿದಳು. ನಾನು ಫೋಟೋ ತೆಗೆದುಕೊಂಡೆ.

ಬೀದರಿನ ಆಫೀಸಿನಲ್ಲಿ ಸಾಹೇಬರು ಫೋಟೋ ನೋಡಿದರು. "ರಂಗೋಲಿ ಹೊಸಾದದ, ಮನ್ಯಾಗ ಮಂದಿ ಅದಾರ. ನೋಟಿಸ್ ಮುಟ್ಟ್ಯದಂತ ಬರಿ," ಅಂದರು. ಫೋಟೋದಲ್ಲಿ ಬೀಗ ಕಾಣುತ್ತಿರಲಿಲ್ಲ. ಅದರ ಮೇಲೇ ನೋಟಿಸ್ ಅಂಟಿಸಿದವನು ನಾನು. ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ, ಬರೆದೆ.

ಉಳಿದ ಕಳ್ಳರನ್ನಾದರೂ ಆ ರಂಗೋಲಿ ತಡೆದಿರಲಿ.