ಕಜೆಟನ್ನನ ಬಲಗಾಲು

ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುತ್ತಿದ್ದ ಕಜೆಟನ್ನನ ಬಲಗಾಲನ್ನು ಯಾರೂ ನೋಡಿರಲಿಲ್ಲ. ಆನೆಕಾಲು ರೋಗ. ಪ್ರಾಯದಲ್ಲಿ ಶುರುವಾದ ಬಾವು ವರ್ಷದಿಂದ ವರ್ಷಕ್ಕೆ ಏರಿ, ಚರ್ಮ ಒಡೆದು ನೀರು ಜಿನುಗುತ್ತಿತ್ತು. ಅದಕ್ಕೆ ಬಟ್ಟೆ ಸುತ್ತಿ, ಮೇಲೆ ಅಗಲ ಕಾಲಿನ ಪ್ಯಾಂಟು ಹಾಕಿ ತಿರುಗುತ್ತಿದ್ದ. ಹೆಂಡತಿ ಪ್ರೆಸಿಲ್ಲಾಳಿಗೂ ತೋರಿಸದೆ, ಬಚ್ಚಲಿನ ಬಾಗಿಲು ಹಾಕಿಕೊಂಡು ತಾನೇ ತೊಳೆದುಕೊಳ್ಳುತ್ತಿದ್ದ. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಬಿಡಿ, ಇಡೀ ಊರಿಗೇ ಗೊತ್ತಿತ್ತು. ಗೊತ್ತಿಲ್ಲವೆಂದು ನಂಬಿದ್ದವನು ಅವನೊಬ್ಬನೇ.

ಉಳಿದಂತೆ ಅವನ ಭಕ್ತಿಯಲ್ಲಿ ಬೆರಳಿಟ್ಟು ತೋರಿಸುವ ಕೊರತೆ ಇರಲಿಲ್ಲ. ಭಾನುವಾರದ ಪೂಜೆ ತಪ್ಪಿಸಿದವನಲ್ಲ, ಶುಕ್ರವಾರ ಮೀನಿನ ಸಾರನ್ನೂ ಮುಟ್ಟದವನು. ಸ್ವರ್ಗದಲ್ಲಿ ತನಗೊಂದು ಕುರ್ಚಿ ಕಾದಿರಿಸಿದ್ದಾರೆ ಎಂದೇ ಅವನ ಲೆಕ್ಕ.

ಆ ಲೆಕ್ಕ ತಲೆಕೆಳಗಾದದ್ದು ಎರಡು ಸಾವಿರದ ಮೂರರ ತಪಸ್ಸುಕಾಲದಲ್ಲಿ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ. ಧ್ಯಾನಕೂಟಕ್ಕೆ ಬಂದ ಫಾದರ್ ಒಬ್ಬರು ಇಗರ್ಜಿಯಲ್ಲಿ ಗುಡುಗಿದರು: "ನೀವು ನಂಬುತ್ತೀರಿ, ಸಂತೋಷ. ಹೇಳಿದ್ದನ್ನೆಲ್ಲ ಪಾಲಿಸುತ್ತೀರಿ, ಅದೂ ಸಂತೋಷ. ರಕ್ಷಣೆಗೆ ಅಷ್ಟು ಸಾಕಾ? ಸಂತ ಪೇತ್ರನಿಗೆ ನಂಬಿಕೆ ಇರಲಿಲ್ಲವಾ? ಆದರೂ ಕೊನೆಯ ಊಟದ ರಾತ್ರಿ ತನ್ನ ಕಾಲು ತೊಳೆಯಲು ಬಂದ ಯೇಸುವಿಗೆ ಬಿಡುವುದಿಲ್ಲ ಎಂದಾಗ, ಹಾಗಾದರೆ ನನ್ನಲ್ಲಿ ನಿನಗೆ ಪಾಲೇ ಇಲ್ಲ ಅಂದುಬಿಟ್ಟರು ಯೇಸು!"

ಕಜೆಟನ್ನನಿಗೆ ಆ ಮಾತು ನೇರ ತನ್ನ ಪ್ಯಾಂಟಿನೊಳಗೇ ಹೊಕ್ಕಂತಾಯಿತು.

ಅದರ ಮೇಲೆ ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ, ವಾರ್ಡಿನ ಮುಖ್ಯಸ್ಥ, ಗುರಿಕಾರ ಬೆಂಜಮಿನ್ ನಗುನಗುತ್ತಾ ಬಂದ. "ಈ ಸಲ ಪವಿತ್ರ ಗುರುವಾರ ಫಾದರ್ ಹತ್ತಿರ ಕಾಲು ತೊಳೆಸಿಕೊಳ್ಳುವುದಕ್ಕೆ ನಮ್ಮ ವಾರ್ಡಿನಿಂದ ನೀವು, ಮಾರಾಯ್ರೇ. ಯೇಸುವಿನ ಶಿಷ್ಯರ ಹಾಗೆ ಕೂರುವ ಹನ್ನೆರಡು ಮಂದಿಯಲ್ಲಿ ನೀವೂ ಒಬ್ಬರು. ಇಲ್ಲ ಅನ್ನಬೇಡಿ."

ಇಲ್ಲ ಎಂದರೆ ನರಕ, ಹೂಂ ಎಂದರೆ ಊರೆದುರು ಮಾನಹರಣ. ಕಜೆಟನ್ ಹೂಂ ಎಂದ. ಆ ವಾರವಿಡೀ ಅವನಿಗೆ ಗಂಜಿ ಸೇರಲಿಲ್ಲ.

ನಮ್ಮವರ ಒಂದು ಪದ್ಧತಿ ಹೇಳಿದರೆ ನಗುತ್ತೀರಿ. ಪಾದ್ರಿಗಳು ತೊಳೆಯುವುದು ಬಲಗಾಲನ್ನು ಮಾತ್ರ. ಅದನ್ನು ನಮ್ಮವರು ಮನೆಯಲ್ಲೇ ಸಾಬೂನು ಹಾಕಿ ತಿಕ್ಕಿ, ಉಗುರು ಕತ್ತರಿಸಿ, ಪೌಡರ್ ಬಳಿದುಕೊಂಡು ಹೋಗುತ್ತಾರೆ. ತೊಳೆಸಿಕೊಳ್ಳಲು ತೊಳೆದುಕೊಂಡು ಹೋಗುವುದು! ಕಜೆಟನ್ನನೂ ತಿಕ್ಕಿದ, ಆದರೆ ಎಡಗಾಲನ್ನು. ಕಾಲು ಕಾಲೇ ಅಲ್ವಾ, ಫಾದರ್ ಎಲ್ಲಿ ನೋಡುತ್ತಾರೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ.

ಗುರುವಾರ ಸಂಜೆ ಇಗರ್ಜಿ ತುಂಬಿತ್ತು. ಸಾಲಿನ ಕೊನೆಯ ಕುರ್ಚಿ ಕಜೆಟನ್ನನದು. ನಮ್ಮ ಇಗರ್ಜಿಯ ವಯಸ್ಸಾದ ವಿಗಾರ್ ಫಾದರ್ ಬೋಗುಣಿ ಹಿಡಿದು ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿ ತೊಳೆದು, ಒರೆಸಿ, ಪಾದಕ್ಕೆ ಮುತ್ತಿಟ್ಟು ಮುಂದೆ ಬರುತ್ತಿದ್ದರು. ಅವರು ಹತ್ತಿರವಾದಂತೆ ಅವನು ಬಲಗಾಲನ್ನು ಕುರ್ಚಿಯಡಿಗೆ ಎಳೆದುಕೊಂಡ. ಎದ್ದು ಓಡೋಣವೇ? ಓಡಲು ಆ ಕಾಲು ಬಿಡಬೇಕಲ್ಲ!

ಅವರು ಬಂದು ಕೂತರು. ಕಜೆಟನ್ ಎಡಗಾಲು ಚಾಚಿದ. ಪೌಡರಿನ ಪರಿಮಳ ಘಮ್ಮೆಂದಿತು.

ಫಾದರ್ ನೀರು ಹೊಯ್ಯಲಿಲ್ಲ. ತಲೆಯೆತ್ತಿ, ಅವನಿಗಷ್ಟೇ ಕೇಳುವಂತೆ ಹೇಳಿದರು: "ಇದನ್ನು ನೀವೇ ತೊಳೆದಾಗಿದೆಯಲ್ಲ, ಕಜೆಟನ್. ಇನ್ನೊಂದು ಕೊಡಿ."

"ಬೇಡ ಫಾದರ್. ಅದು ವಾಸನೆ ಉಂಟು."

"ಗೊತ್ತುಂಟು. ಕೊಡಿ."

ಹಿಂದೆ ಯಾರೋ ಕೆಮ್ಮಿದರು. ಅವನಿಗೆ ಅದು ನಗುವಿನಂತೆ ಕೇಳಿಸಿತು. ಇಲ್ಲಿ ಕಾಲು ಎಳೆದುಕೊಂಡರೆ ಎಲ್ಲವೂ ಮುಗಿಯಿತು, ಪಾಲು ಹೋಯಿತು. ಕಣ್ಣು ಮುಚ್ಚಿ ಪ್ಯಾಂಟನ್ನು ಮೇಲೆಳೆದ. ಫಾದರ್ ಬಟ್ಟೆ ಬಿಚ್ಚಿದರು. ಎದುರಿನ ಬೆಂಚಿನ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಒಡೆದ ಚರ್ಮಕ್ಕೆ ತಣ್ಣೀರು ತಾಗಿ ಚುರ್ರೆಂದಿತು. ಒರೆಸಿದ ಮೇಲೆ ಮುತ್ತು ಇರಲಾರದು ಎಂದುಕೊಂಡ. ಮುತ್ತೂ ಬಿತ್ತು, ಗಾಯದ ಪಕ್ಕದಲ್ಲೇ. ಮುದುಕ ಕಜೆಟನ್ ಹುಡುಗನಂತೆ ಬಿಕ್ಕಿಬಿಕ್ಕಿ ಅತ್ತ.

ಮರುದಿನ ಶುಭ ಶುಕ್ರವಾರ. ಬೆಳಿಗ್ಗೆ ಕಜೆಟನ್ ಬಿಸಿನೀರು ತೆಗೆದುಕೊಂಡು ಬಚ್ಚಲಿಗೆ ಹೋದ. ಬಾಗಿಲು ಹಾಕಲು ಹೋದ ಕೈ ಅಲ್ಲೇ ನಿಂತಿತು. ಒಂದಿಡೀ ಊರಿಗೆ ತೋರಿಸಿದವನಿಗೆ ಈಗ ಅದಕ್ಕಿಂತ ದೊಡ್ಡ ಹೆದರಿಕೆ.

"ಪ್ರೆಸಿಲ್ಲಾ," ಎಂದು ಕರೆದ. "ಸ್ವಲ್ಪ ಇಲ್ಲಿ ಬಾ. ಈ ಕಾಲು ತೊಳೆದು ಕೊಡ್ತೀಯಾ?"

ಒಲೆಯ ಮುಂದಿದ್ದ ಅವಳು ಎದ್ದು ಬಂದಳು. "ಇಷ್ಟು ವರ್ಷ ಬೇಕಾಯಿತಾ ನಿಮಗೆ?" ಎಂದು ಗದರಿ, ಬಚ್ಚಲಿನ ಹಸಿ ನೆಲದಲ್ಲೇ ಕೂತುಬಿಟ್ಟಳು.