ಚಾರ್ಜರಿನ ಬೆನ್ನ ಮೇಲೆ ಬರೆದದ್ದು

ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದು ಬಣ್ಣದಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ ಬರೆಯುವುದನ್ನು ಕಂಡುಹಿಡಿದ ಮಹಾನುಭಾವನನ್ನು ಒಮ್ಮೆ ಎದುರಿಗೆ ಕೂರಿಸಿಕೊಂಡು ಕೇಳಬೇಕೆನಿಸುತ್ತದೆ: ಇದನ್ನು ಯಾರು ಓದಲೆಂದು ಬರೆದಿರಿ ಸ್ವಾಮಿ? ಲ್ಯಾಪ್‌ಟಾಪಿಗೊಂದು ಚಾರ್ಜರು ಹುಡುಕಲು ಹೊರಟ ಮೇಲೆ ನನಗೆ ಬಂದ ಸಿಟ್ಟು ಒಂದೆರಡಲ್ಲ. ಅದರಲ್ಲಿ ಇನ್ನೂ ಇಳಿಯದೆ ಉಳಿದಿರುವುದು ಇದೊಂದೇ.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿದ್ದೇನೆ. ಬೀಜ ಮೊಳೆಯುತ್ತದೋ ಇಲ್ಲವೋ ಪರೀಕ್ಷಿಸುವುದು, ಪಾಕೀಟಿನ ಮೇಲೆ ಏನು ಅಚ್ಚಾಗಬೇಕೆಂದು ಬರೆದುಕೊಡುವುದು ನನ್ನ ಕೆಲಸ. ಮನೆ ಹಾವೇರಿಯಲ್ಲಿ. ಹೋದ ವರ್ಷ ಎಷ್ಟೋ ರೈತರು ಅವಧಿ ಮೀರಿದ ಗೋವಿನಜೋಳದ ಬೀಜ ಬಿತ್ತಿ, ಅಲ್ಲೊಂದು ಇಲ್ಲೊಂದು ಎದ್ದ ಮೊಳಕೆ ನೋಡುತ್ತ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಈ ಸಲ ಹಾಗಾಗಬಾರದೆಂದು ಹಟ ಹಿಡಿದು, ಬಿತ್ತನೆಗೆ ಮುಂಚಿನ ಶನಿವಾರ ಮನೆಯಿಂದಲೇ ಅವರಿಗೆಲ್ಲ ಆನ್‌ಲೈನ್ ಪಾಠ ಗೊತ್ತುಮಾಡಿದ್ದೆ. ವಿಷಯ: ಬೀಜದ ಪಾಕೀಟು ಓದುವುದು ಹೇಗೆ. ಬುಧವಾರ ನನ್ನ ಹಳೆಯ ಚಾರ್ಜರು ಕಣ್ಣು ಮುಚ್ಚಿತು. ಬ್ಯಾಟರಿಗೂ ವಯಸ್ಸಾಗಿದೆ, ಆಸರೆಯಿಲ್ಲದೆ ಇಪ್ಪತ್ತು ನಿಮಿಷ ನಿಲ್ಲುವುದಿಲ್ಲ.

ಹಾವೇರಿಯ ಮೊಬೈಲ್ ಅಂಗಡಿಯವನು ನನ್ನ ಚಿಂತೆಯನ್ನು ಒಂದೇ ಉಸಿರಿಗೆ ಬಗೆಹರಿಸಿದ. "ಟೈಪ್ ಸಿ ಹೌದಲ್ರಿ ಮೇಡಂ? ಹಂಗಾರ ಮುಗೀತು. ಎಲ್ಲಾದಕ್ಕೂ ಒಂದ." ಹೀಗೆಂದು ಒಂದು ಮೊಬೈಲ್ ಚಾರ್ಜರನ್ನೂ ಶಾವಿಗೆಯಂಥ ಕೇಬಲ್ಲನ್ನೂ ಕೈಗಿಟ್ಟ. ಮನೆಗೆ ತಂದು ಚುಚ್ಚಿದರೆ ಲ್ಯಾಪ್‌ಟಾಪಿನಲ್ಲಿ ಮಿಂಚಿನ ಗುರುತೇನೋ ಬಂತು, ಬ್ಯಾಟರಿ ಮಾತ್ರ ಇಳಿಯುತ್ತಲೇ ಹೋಯಿತು. ಎಂಥಾ ಸೊಗಸಾದ ಚಾರ್ಜಿಂಗು! ಬಾಯಿ ಒಂದೇ ಅಳತೆಯದಾದರೆ ಹೊಟ್ಟೆಯೂ ಒಂದೇ ಅಳತೆಯದೆಂದು ತಿಳಿಯುವ ಈ ಜಾಣರಿಗೆ ಏನು ಹೇಳುವುದು? ಚಾರ್ಜರು, ಲ್ಯಾಪ್‌ಟಾಪು ಮೊದಲು ತಮ್ಮಲ್ಲೇ ಮಾತಾಡಿಕೊಳ್ಳುತ್ತವಂತೆ. ನಿನಗೆಷ್ಟು ಬೇಕು, ನನ್ನಿಂದೆಷ್ಟು ಆದೀತು ಎಂದು ಹೆಣ್ಣಿನವರು ಗಂಡಿನವರು ಕೂತು ಮಾತಾಡುವ ಹಾಗೆ. ಕೇಬಲ್ಲು ನಡುವೆ ಓಡಾಡುವ ಹಿರಿಯ. ಹಿರಿಯನಲ್ಲಿ ತ್ರಾಣವಿಲ್ಲದಿದ್ದರೆ ಮಾತುಕತೆ ಅಲ್ಲಿಗೇ ನಿಂತುಹೋಗುತ್ತದೆ.

ಗುರುವಾರ ಕೆಲಸ ಮುಗಿಸಿ ಬರುವಾಗ ಬ್ಯಾಡಗಿಯಲ್ಲಿ ಇಳಿದೆ. ಅಲ್ಲಿ ನನ್ನ ಸೋದರಮಾವ ಇದ್ದಾನೆ, ಮೆಣಸಿನಕಾಯಿ ವ್ಯಾಪಾರದಲ್ಲೇ ತಲೆ ಹಣ್ಣಾದವನು. ತನಗೆ ಪರಿಚಯದ ಅಂಗಡಿಗೆ ಕರೆದುಕೊಂಡು ಹೋದ. ಎರಡು ಕೈಯಲ್ಲಿ ಎರಡು ಚಾರ್ಜರು ಹಿಡಿದು ತೂಗಿ ನೋಡಿದ. ಕೇಬಲ್ಲನ್ನು ಮಡಚಿದ, ಹಿಚುಕಿದ, ಆಮೇಲೆ ರೂಢಿಯ ಬಲದಿಂದ ಮೂಗಿನ ಹತ್ತಿರ ಒಯ್ದು ಮೂಸಿಯೇ ಬಿಟ್ಟ. ಅಂಗಡಿಯವನು ಬಾಯಿ ತೆರೆದು ನೋಡುತ್ತಿದ್ದ.

"ಇದು ವಜನ ಐತಿ ನೋಡವಾ. ಕೇಬಲ್ಲೂ ದಪ್ಪ ಐತಿ. ಮಾಲು ಖರೇ ಐತಿ, ಸುಮ್ಮ ತಗೋ."

ನನಗೆ ಒಳಗೊಳಗೇ ನಗು. ಕರೆಂಟಿನ ಸಾಮಾನಿಗೆ ಘಾಟು ಇರುತ್ತದೆಯೇ? ಸರಿ, ಓದಿದವಳಾದ ನಾನು ಏನು ಪರೀಕ್ಷೆ ಮಾಡಿದೆ? ಡಬ್ಬಿಯ ಮುಂದೆ ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ 65 ವ್ಯಾಟ್ ಎಂದಿತ್ತು. ಹಳೆಯದೂ ಅಷ್ಟೇ ಇತ್ತು. ಅದಷ್ಟೇ ನೋಡಿ, ಮಾವ ಆರಿಸಿದ್ದನ್ನೇ ತಂದೆ. ಚಾರ್ಜರಿಗೆ ಕೇಬಲ್ಲು ಚುಚ್ಚಲು ಎರಡು ಬಾಯಿ ಇದ್ದದ್ದು ಬೋನಸ್ಸೆಂದು ಹಿಗ್ಗಿದೆ.

ಶನಿವಾರ ಹನ್ನೊಂದಕ್ಕೆ ನಲವತ್ತು ರೈತರು ತಮ್ಮ ತಮ್ಮ ಪಾಕೀಟು ಹಿಡಿದು ಮೊಬೈಲಿನಲ್ಲಿ ಕೂತಿದ್ದರು. ಲ್ಯಾಪ್‌ಟಾಪು ಗಟ್ಟಿಯಾಗಿ ನಡೆದಿತ್ತು. ನನ್ನ ಗಂಟಲೂ ಗಟ್ಟಿಯಾಗಿತ್ತು. "ಮುಂದಿನ ಚಿತ್ರಕ್ಕ ಮರುಳಾಗಬ್ಯಾಡ್ರಿ. ಹಿಂದ ತಿರುವಿ ಓದ್ರಿ. ಬರದದ್ದು ಓದದ ಬಿತ್ತಿ, ಆಮ್ಯಾಲ ಬೀಜಕ್ಕ ಬೈದ್ರ ಏನ್ ಬಂತು?" ಎಂದು ಸರಿಯಾಗಿ ಝಾಡಿಸುತ್ತಿದ್ದೆ. ನಡುವೆ ನನ್ನ ಫೋನಿನ ಬ್ಯಾಟರಿ ಕೆಂಪಾಗಿದ್ದು ಕಾಣಿಸಿತು. ಖಾಲಿ ಬಾಯಿ ಒಂದು ಇತ್ತಲ್ಲ, ಅದಕ್ಕೆ ಚುಚ್ಚಿದೆ. ಮಿಂಚಿನ ಗುರುತು ಮಾಯವಾಗಿದ್ದನ್ನು ಭಾಷಣದ ಭರದಲ್ಲಿ ಯಾರು ನೋಡಬೇಕು? ಇಪ್ಪತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು.

ಒದ್ದಾಡಿ ಫೋನಿನಿಂದ ಮತ್ತೆ ಕೂಡಿಕೊಂಡೆ. ಹೊಸ ಚಾರ್ಜರು, ಅರವತ್ತೈದು ಅಂತ ಬರೆದಿದೆ, ಏನಾಯಿತೋ ತಿಳಿಯುತ್ತಿಲ್ಲ ಎಂದೆ. ಐರಣಿಯ ನಿಂಗಪ್ಪ ಎಂಬ ರೈತ, ಕಿಂಚಿತ್ತೂ ಕುಹಕವಿಲ್ಲದೆ ಹೇಳಿದ: "ಅಕ್ಕಾರ, ಹಿಂದ ತಿರುವಿ ನೋಡ್ರಲಾ, ಏನ್ ಬರದಾರ?"

ತಿರುವಿದೆ. ಏನೂ ಕಾಣಲಿಲ್ಲ. ಚಾಳೀಸು ಹಾಕಿ ನೋಡಿದೆ, ಕಿಟಕಿಯ ಬೆಳಕಿಗೆ ಹಿಡಿದೆ. ಕೊನೆಗೆ ಫೋನಿನಲ್ಲೇ ಫೋಟೋ ತೆಗೆದು ದೊಡ್ಡದು ಮಾಡಿದ ಮೇಲೆ ಬಂತು: ಒಂದೇ ಬಾಯಿಗೆ ಅರವತ್ತೈದು, ಎರಡೂ ಬಾಯಿಗೆ ಚುಚ್ಚಿದರೆ ಒಟ್ಟು ಹದಿನೈದು. ಗಟ್ಟಿಯಾಗಿ ಓದಿ ಹೇಳಿದೆ. ಅವರು ನಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒಬ್ಬರೂ ನಗಲಿಲ್ಲ.

"ಅಲ್ರೀ ಅಕ್ಕಾರ," ಎಂದ ನಿಂಗಪ್ಪ, "ಕಲ್ತ ನಿಮಗ ಇಷ್ಟ್ ತ್ರಾಸ ಆತು. ಈ ಪಾಕೀಟಿನ ಮ್ಯಾಲೂ ಹಿಂಗ ಬರದಾರ. ಬರಿಯೂ ಮಂದಿಗೆ ಹೇಳೂರು ಯಾರರ ಅದಾರೇನ್ರಿ?"

ಅವನ ಕೈಯಲ್ಲಿದ್ದದ್ದು ನಮ್ಮದೇ ಪಾಕೀಟು. ಬಂಗಾರದ ಬಣ್ಣದ ತೆನೆಗೆ ಜಾಗ ಸಾಲದೆಂದು, ಅವಧಿ ಮುಗಿಯುವ ತಾರೀಖನ್ನು ಕೆಳಗಿನ ಮೂಲೆಗೆ ತಳ್ಳಿ, ಹಸಿರಿನ ಮೇಲೆ ತಿಳಿಹಸಿರಿನಲ್ಲಿ ಅಚ್ಚು ಹಾಕಿಸಿದವಳು ನಾನು. ನಾಚಿಕೆಯಾಯಿತು. ತಪ್ಪು ನನ್ನದೇ ಎಂದು ಅವರಿಗೆ ಹೇಳಿಯೂ ಬಿಟ್ಟೆ. ಆಮೇಲೆ ಎಲ್ಲರೂ ಪಾಕೀಟಿನ ಬೆನ್ನಿನ ಫೋಟೋ ತೆಗೆದು ಕಳಿಸಿದರು. ಒಂದೊಂದನ್ನೂ ದೊಡ್ಡದು ಮಾಡಿ ಓದಿದೆವು. ಮೂವರ ಬೀಜದ ಅವಧಿ ಮುಗಿದಿತ್ತು. ಅವರು ಬಿತ್ತಲಿಲ್ಲ, ಸದ್ಯ.

ಸೋಮವಾರ ಅಚ್ಚಿನವನನ್ನು ಕರೆಸಿ, ತಾರೀಖು ದೊಡ್ಡದಾಗಬೇಕು, ತೆನೆ ಸಣ್ಣದಾದರೂ ಚಿಂತೆಯಿಲ್ಲ ಎಂದೆ. "ಎಷ್ಟ್ ದೊಡ್ಡದು ಮಾಡೂಣ್ರಿ ಮೇಡಂ, ರೈತರಿಗೆ ಕಾಣೂವಷ್ಟು?" ಎಂದು ಕೇಳಿದ.

"ಚಾಳೀಸ ತಗದ್ರೂ ನನಗ ಕಾಣೂವಷ್ಟು," ಎಂದೆ. ರೈತರು ಓದುವುದಿಲ್ಲ ಎಂದು ಬೈಯುವ ಹಕ್ಕು ಅದಾದ ಮೇಲೆ ನನಗೆ ಬಂದರೆ ಬರಲಿ.