ಕೊರಳು ಅಳೆಯುತ್ತಿದ್ದ ಮೇಡಂ

ಮಾತಾಡುವಾಗ ಮೇಡಂ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಕೊರಳು ನೋಡುತ್ತಿದ್ದರು. ದಪ್ಪ ಕನ್ನಡಕದ ಹಿಂದಿನ ಕಣ್ಣು ನಮ್ಮ ಗಂಟಲ ಗುಳಿಯ ಮೇಲೇ ನೆಟ್ಟಿರುತ್ತಿತ್ತು. ಹೊಸದರಲ್ಲಿ ನಾನು ಮುಜುಗರಪಟ್ಟು ದುಪಟ್ಟಾ ಎಳೆದುಕೊಳ್ಳುತ್ತಿದ್ದೆ.

ಚಿತ್ರದುರ್ಗದ ಹೊರಗೆ, ಮದಕರಿಪುರದ ದಾರಿಯಲ್ಲಿ ನಮ್ಮ ಪ್ರಯೋಗಾಲಯ, ಮೇಡಂ ಅದರ ಮುಖ್ಯಸ್ಥೆ. ಔಷಧಿಯಾಗಬೇಕಾದ ಪ್ರೋಟೀನಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ ಇಲಿಯ ಬಾಲದ ರಕ್ತನಾಳಕ್ಕೆ ಚುಚ್ಚುವುದು, ಆಮೇಲೆ ಅದರ ಯಕೃತ್ತು, ಮೂತ್ರಪಿಂಡಗಳನ್ನು ಒಂದೊಂದಾಗಿ ಯಂತ್ರದಲ್ಲಿಟ್ಟು ಪ್ರೋಟೀನು ಎಲ್ಲೆಲ್ಲಿ ಹೋಗಿ ಕೂತಿದೆ ಎಂದು ನೋಡುವುದು ನಮ್ಮ ಕೆಲಸ. ಚುಚ್ಚುವ ಮುಂಚೆ ಮೇಡಂ ಹೆಬ್ಬೆರಳಿನಿಂದ ಇಲಿಯ ನೆತ್ತಿ ಸವರಿ "ಆಯ್ತು ಮಗಾ, ಆಯ್ತು" ಎನ್ನುತ್ತಿದ್ದರು. ಪ್ರೋಟೀನು ಒಡೆದರೆ ಬಿಡಿಯಾದ ಅಯೋಡಿನ್ ನೇರ ಕೊರಳಿನ ಥೈರಾಯ್ಡ್ ಗ್ರಂಥಿಗೆ ಓಡುತ್ತದೆ. "ಆ ಗ್ರಂಥಿ ಬಲು ಆಸೆಬುರುಕಿ ಕಣಮ್ಮ. ಇಲೀದು, ನಿಂದು ಅಂತ ನೋಡಲ್ಲ," ಎಂದು ಮೇಡಂ ಎಚ್ಚರಿಸುತ್ತಿದ್ದರು. ಅದಕ್ಕೇ ಸಂಜೆ ಎಲ್ಲರ ಕೈಗೂ ಕೊರಳಿಗೂ ವಿಕಿರಣ ಅಳೆಯುವ ಕೈಯಂತ್ರ ಹಿಡಿದ ಮೇಲೆಯೇ ಅವರು ಬಾಗಿಲು ಬಿಡುತ್ತಿದ್ದುದು. ರೈಲು ತಪ್ಪುತ್ತದೆಂದು ಗೊಣಗಿದವರಿಗೆ ಚೆನ್ನಾಗಿ ಬೈಗುಳ ಬೀಳುತ್ತಿತ್ತು.

ಒಂದು ಸಂಜೆ ನನ್ನ ಕೊರಳ ಹತ್ತಿರ ಯಂತ್ರ ಕಟಕಟನೆ ಕೂಗಿಕೊಂಡಿತು. ಮೇಡಂ ಮೆಲ್ಲಗೆ ಕೇಳಿದರು, "ಈ ತಿಂಗ್ಳು ಹೊರಗಾದೇನಮ್ಮ?"

ಆಗಲೇ ನಾನು ಲೆಕ್ಕ ಹಾಕಿದ್ದು. ಆಗಿರಲಿಲ್ಲ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ನಿಂತ ಮುಟ್ಟು. ಖುಷಿಯೂ ಭಯವೂ ಒಂದೇ ಗಳಿಗೆಯಲ್ಲಿ ಬಂದವು, ಖುಷಿ ನಿಲ್ಲಲಿಲ್ಲ. ನನ್ನೊಳಗೆ ಹೋದ ಅಯೋಡಿನ್ ಮಗುವಿಗೂ ಹೋಗುತ್ತದೆ.

"ತಾಳಿ ತೆಗಿ," ಎಂದರು. ನನ್ನ ಕೈ ಏಳಲಿಲ್ಲ. ಗಂಡ ಇರುವಾಗ ಅದನ್ನು ತೆಗೆಯುವುದೆಂದರೆ ನಮ್ಮ ಕಡೆ ಸಾವಿನ ಮಾತು. ಕೊನೆಗೆ ಅವರೇ ಹಿಂದೆ ಬಂದು ಸರದ ಕೊಂಡಿ ಬಿಚ್ಚಿದರು. ಮತ್ತೆ ಹಿಡಿದಾಗ ಕೊರಳು ಸುಮ್ಮನಿತ್ತು, ತಾಳಿ ಕೂಗುತ್ತಿತ್ತು. ಜೀವವಿರುವ ಇಲಿಗೆ ಸೂಜಿ ಇಳಿಸುವ ಮುಂಚೆ ಹೆದರಿ ತಾಳಿ ಮುಟ್ಟಿಕೊಳ್ಳುವುದು ನನಗೆ ಅಭ್ಯಾಸ. ಆ ದಿನ ಮದ್ದು ತಾಗಿದ ಕೈಗವಸಿನಲ್ಲೇ ಮುಟ್ಟಿಕೊಂಡಿದ್ದೆ.

ಸೋಪು ಹಚ್ಚಿ ತೊಳೆದರೂ ಕರಿಮಣಿಯ ಸಂದಿಯಲ್ಲಿ ಅದು ಉಳಿಯಿತು. ವಿಕಿರಣ ಇಳಿಯಲು ತಿಂಗಳುಗಟ್ಟಲೆ ಬೇಕು. ತಾಳಿ ಸೀಸದ ಪೆಟ್ಟಿಗೆಗೆ ಹೋಯಿತು. ಒಳಗೇನಾದರೂ ಹೋಗಿದ್ದರೆ ನಾಳೆ ಬೆಳಿಗ್ಗೆ ಕೊರಳಲ್ಲಿ ಕಾಣುತ್ತದೆ ಎಂದರು. ಬರಿಗೊರಳಲ್ಲಿ ನನ್ನೊಬ್ಬಳನ್ನೇ ಕಳಿಸದೆ, ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಚಿಕ್ಕಜಾಜೂರಿನ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಜತೆಯಲ್ಲೇ ಬಂದರು. ದಾರಿಯುದ್ದಕ್ಕೂ ನಾನು ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ.

ಅತ್ತೆ ಬಾಗಿಲಲ್ಲೇ ನನ್ನ ಕೊರಳು ನೋಡಿ ಗೋಡೆ ಹಿಡಿದುಕೊಂಡರು. ಮೇಡಂ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು, ಬಸಿರಿನ ಅನುಮಾನವನ್ನೂ. ಅತ್ತೆ ಒಳಗೆ ಹೋಗಿ ಅರಿಶಿನದ ಕೊಂಬು ಕಟ್ಟಿದ ದಾರ ತಂದು ನನ್ನ ಕೊರಳಿಗೆ ಹಾಕಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಮಗೂಗೆ ಏನಾರ ಆಗ್ತೈತೇನ್ರಿ?"

"ಏನೂ ಆಗಲ್ರೀ ಅಮ್ಮ. ನಾನಿದೀನಿ."

ರಾತ್ರಿ ಅವರು ನಮ್ಮ ಮನೆಯಲ್ಲೇ ಮಲಗಿದರು. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಯಂತ್ರ ಹಿಡಿದರು. ಕೊರಳು ಸುಮ್ಮನಿತ್ತು. ನಾನು ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವತ್ತಿನಿಂದ ನನ್ನನ್ನು ಮದ್ದು ಚುಚ್ಚುವ ಕೋಣೆಗೆ ಬಿಡಲಿಲ್ಲ, ನನ್ನ ಪಾಲಿನ ಇಲಿಗಳನ್ನೂ ತಾವೇ ನೋಡಿಕೊಂಡರು. ಆದರೂ ಹೆರುವತನಕ ನನ್ನ ಹೆದರಿಕೆ ಹೋಗಲಿಲ್ಲ. ಅವರು ಇಷ್ಟು ಧೈರ್ಯವಾಗಿರುವಾಗ ನನಗೇಕೆ ಈ ಪುಕ್ಕಲುತನ ಎಂದು ನಾಚಿಕೆಯೂ ಆಗುತ್ತಿತ್ತು. ಮಗಳು ಮೈತುಂಬಿಕೊಂಡೇ ಹುಟ್ಟಿದಳು. ತಾಳಿಯೂ ಒಂದು ದಿನ ತಣ್ಣಗಾಗಿ ಮನೆಗೆ ಬಂತು.

ಹೋದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದಾಗ, ಅವರ ಜತೆಯಲ್ಲೇ ವಾಸವಿದ್ದ ತಂಗಿ ಮಗಳನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಇವ್ಳೇನಾ ಆ ಕೂಸು? ನೀನು ಬಸುರಿದ್ದಷ್ಟು ದಿನ ನಮ್ಮಕ್ಕ ಒಪ್ಪತ್ತು ಇದ್ಲು ಕಣಮ್ಮ. ರಾತ್ರಿ ತುತ್ತು ಮುಟ್ಟಲಿಲ್ಲ. ಕೇಳಿದ್ರೆ ರೇಗೋಳು. ಹೆರಿಗೆ ಆತು, ಕೂಸು ಚೆನ್ನಾಗೈತೆ ಅಂತ ನಿನ್ನ ಗಂಡ ಫೋನ್ ಮಾಡಿದ್ನಲ್ಲ, ಫೋನ್ ಇಟ್ಟೋಳೇ ಅಡಿಗೆಮನೇಲಿ ನೆಲದ ಮ್ಯಾಲೆ ಕುಂತ್ಲು. 'ಅನ್ನ ಹಾಕೇ' ಅಂದ್ಲು."